ಕೊಂಬಿನ ಗುರುತು

“ಏನ್ರಯ್ಯಾ, ಇವ್ನು ನಿನ್ನೆ ಆಡಾಕೆ ಬಂದಿದ್ನಾ, ಇಲ್ಲಾ ಯಾರಾದ್ರೂ ಇವ್ನ ಅಂಗಿ ಚಡ್ಡಿ ಒಗೆದು ಮೈದಾನದಲ್ಲಿ ಒಣಗಾಕಿದ್ರಾ?”

ಅಟ್ಟಣೆಯ ಮೇಲಿಂದ ಬೆತ್ತವನ್ನು ನನ್ನ ನೆರಳಿನ ಕಡೆ ಚಾಚಿ ರಾಚಪ್ಪನವರು ಹಾಗಂದಾಗ ಊರಿಗೆ ಊರೇ ನಕ್ಕಿತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಕಡಲೆಕಾಯಿ ಮಾರುವವನು ಅಳೆಯುತ್ತಿದ್ದ ಪಾವು ಕೆಳಗಿಟ್ಟು ನಕ್ಕ. ರಾಚಪ್ಪನವರು ಆರಿಸುವವರಲ್ಲಿ ಹಿರಿಯರು. ಮೂವತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು, ಊರಿನ ಹುಡುಗರಲ್ಲಿ ಯಾರು ಮೊಟ್ಟೆಚೆಂಡಿನ ತಂಡಗಳಿಗೆ ಹೋಗಬೇಕು, ಯಾರು ಮನೆಗೆ ಹೋಗಬೇಕು ಅಂತ ತೀರ್ಮಾನ ಮಾಡಿದವರು. ಅವರ ಬಾಯಿಂದ ಬಿದ್ದ ಮಾತು ಹುಡುಗನಿಗೆ ಹೆಸರಾಗಿ ಅಂಟಿಕೊಂಡು ಸಾಯುವ ತನಕ ಬಿಡುತ್ತಿರಲಿಲ್ಲ. ನಾನು ಮೈದಾನದ ಸುತ್ತ ಕಟ್ಟಿದ ಹಗ್ಗದ ಈಚೆ ಉಳಿದ ಹುಡುಗರ ಜೊತೆ ನಿಂತಿದ್ದೆ. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು. ತಿರುಗಿ ಮಾತಾಡುವ ಹಾಗಿರಲಿಲ್ಲ. ನೆರಳು ನೋಡುವ ದಿನ ಆಡಿದವರು ಬಾಯಿ ಬಿಡಬಾರದು; ಆರಿಸುವವರು ಹೆಸರು ಹಿಡಿದು ಕೇಳಿದರೆ ಮಾತ್ರ ಹೇಳಬೇಕು. ಹಿಂದಿನ ದಿನ ಮೂವತ್ತಾರು ಜನ ಆಡಿದ್ದೆವು. ಅವತ್ತು ಮೂವತ್ತೈದು ಜನ ನಿಂತಿದ್ದೆವು.

ನಮ್ಮೂರಿನಲ್ಲಿ ಇವತ್ತಿನ ನೆರಳು ನಾಳೆ ಬೀಳುತ್ತದೆ. ಬಿಸಿಲಲ್ಲಿ ನಡೆಯುವಾಗ ನಿಮ್ಮ ಕಾಲ ಬುಡದಲ್ಲಿ ಏನೂ ಇರುವುದಿಲ್ಲ. ನಾಳೆ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ, ನೀವಿಲ್ಲದೆ ನಿಮ್ಮ ನೆರಳು ನಡೆದುಹೋಗುತ್ತದೆ. ಮರ ಕಡಿದರೆ ಇನ್ನೊಂದು ದಿನ ಅದರ ನೆರಳು ಇರುತ್ತದೆ, ಅಕ್ಕಪಕ್ಕದವರು ಚಾಪೆ ತಂದು ಅದರಲ್ಲಿ ಕೊನೆಯ ಸಲ ಕೂತು ಎದ್ದು ಹೋಗುತ್ತಾರೆ. ನಮ್ಮಲ್ಲಿ ಯಾರೂ ಯಾರನ್ನೂ ನಿನ್ನೆ ಎಲ್ಲಿದ್ದೆ ಅಂತ ಕೇಳುವುದಿಲ್ಲ. ಕದ್ದು ಸೇರುವವರು ನಾಳೆ ಮೋಡ ಕಟ್ಟುತ್ತದೆಯೇ ಅಂತ ಮುದುಕರನ್ನು ಕೇಳಿಕೊಂಡು ಸೇರುತ್ತಾರೆ. ನಾನು ಏಳನೇ ಕ್ಲಾಸಿನಲ್ಲಿ ಶಾಲೆ ತಪ್ಪಿಸಿ ಕೆರೆಗೆ ಈಜಲು ಹೋಗಿದ್ದೆ. ಮೇಷ್ಟ್ರು ಮರುದಿನ ಇಡೀ ಕ್ಲಾಸನ್ನು ಸಾಲಾಗಿ ಕರೆದುಕೊಂಡು ಹೋಗಿ, ಏರಿಯ ಮೇಲೆ ಕುಣಿಯುತ್ತಿದ್ದ ನನ್ನ ಬೆತ್ತಲೆ ನೆರಳು ತೋರಿಸಿದರು. ಅವತ್ತೇ ಕೊನೆ, ಮತ್ತೆ ನಾನು ಶಾಲೆಯ ಹೊಸ್ತಿಲು ತುಳಿಯಲಿಲ್ಲ. ಇಟ್ಟಿಗೆ ಗೂಡಿಗೆ ಸೇರಿದೆ.

ಸತ್ತವರಿಗೂ ಒಂದು ದಿನದ ನೆರಳು ಉಳಿದಿರುತ್ತದೆ. ಆ ದಿನ ಹೆಣ ಎತ್ತುವುದಿಲ್ಲ. ಹತ್ತಿರದವರು ಬೆಳಗಿನಿಂದ ಆ ನೆರಳಿನ ಹಿಂದೆ, ಒಂದು ಹೆಜ್ಜೆ ಬಿಟ್ಟು, ಅದು ಹೋದಲ್ಲೆಲ್ಲ ಹೋಗುತ್ತಾರೆ. ಎದುರಿಗೆ ಬಂದವರು ತುಳಿಯದ ಹಾಗೆ ಸರಿದು ನಿಲ್ಲುತ್ತಾರೆ. ಅವತ್ತು ನಮ್ಮ ಹೊಂಬಾಳತ್ತೆ ತನ್ನ ಮಗ ಮುದ್ದನ ನೆರಳಿನ ಹಿಂದೆ ನಡೆದು ಮೈದಾನಕ್ಕೆ ಬಂದಿದ್ದಳು. ಅವಳೊಬ್ಬಳನ್ನು ಹಗ್ಗದ ಆಚೆ ಬಿಟ್ಟಿದ್ದರು.

ಮುದ್ದ ನನಗಿಂತ ಎರಡು ತಿಂಗಳು ದೊಡ್ಡವನು. ನನ್ನವ್ವ ನನ್ನನ್ನು ಹೆತ್ತವಳು ಹಾಸಿಗೆಯಿಂದ ಏಳಲಿಲ್ಲ. ಸೋದರಮಾವನ ಹೆಂಡತಿ ಹೊಂಬಾಳತ್ತೆಯೇ ಇಬ್ಬರಿಗೂ ಹಾಲು ಕೊಟ್ಟು ಸಾಕಿದಳು. ಒಂದೇ ಎತ್ತರ, ಒಂದೇ ಅಳತೆಯ ಮೈ, ಒಬ್ಬನ ಅಂಗಿ ಇನ್ನೊಬ್ಬನಿಗೆ ಆಗುತ್ತಿತ್ತು. ಆದರೆ ದೇವರು ಕಾಲು ಕೊಟ್ಟದ್ದು ಅವನಿಗೆ. ಮೊಟ್ಟೆಚೆಂಡು ಅನ್ನುವುದು ಗಿರಣಿಗೆ ಯಂತ್ರ ಕೂರಿಸಲು ಬಂದಿದ್ದ ಆಸ್ಟ್ರೇಲಿಯಾದವನೊಬ್ಬ ನಮ್ಮ ತಾತಂದಿರಿಗೆ ಕಲಿಸಿಹೋದ ಆಟ. ಮೈದಾನವೂ ಮೊಟ್ಟೆಯ ಆಕಾರ, ಚೆಂಡೂ ಮೊಟ್ಟೆಯ ಆಕಾರ. ಒದೆಯಬಹುದು, ಗುದ್ದಬಹುದು, ಎತ್ತಿಕೊಂಡು ಓಡಬಹುದು. ಆದರೆ ಊರು ಉಸಿರು ಕಟ್ಟಿ ಕಾಯುವುದು ಒಂದಕ್ಕೇ. ಆಕಾಶದಿಂದ ಚೆಂಡು ಇಳಿಯುವಾಗ ಒಬ್ಬ ಇನ್ನೊಬ್ಬನ ಬೆನ್ನು ಹೆಗಲು ಮೆಟ್ಟಿ ಮೇಲೆ ಹಾರಿ ಹಿಡಿಯಬೇಕು. ಚಿಕ್ಕಂದಿನಿಂದ ಮುದ್ದ ಹಾರುವವನು, ನಾನು ಬೆನ್ನು ಕೊಡುವವನು. ಹಿತ್ತಲಲ್ಲಿ ದಿನಕ್ಕೆ ನೂರು ಸಲ. ನನ್ನ ಎಡ ಹೆಗಲಿನಲ್ಲಿ ಅವನ ಹಿಮ್ಮಡಿ ಕೂತ ಕಂದು ಯಾವತ್ತೂ ಮಾಸಲಿಲ್ಲ.

ವರ್ಷಕ್ಕೊಮ್ಮೆ ಹದಿನೆಂಟು ತುಂಬಿದ ಹುಡುಗರನ್ನು ಎರಡು ಪಾಲು ಮಾಡಿ ಒಂದು ಆಟ ಆಡಿಸುತ್ತಾರೆ. ಆ ಆಟವನ್ನು ಯಾರೂ ನೋಡುವ ಹಾಗಿಲ್ಲ. ಸುತ್ತಲ ಬೀದಿಗಳನ್ನು ಖಾಲಿ ಮಾಡಿಸುತ್ತಾರೆ. ಶಿಳ್ಳೆ ಊದುವವನನ್ನು ಬೇರೆ ಊರಿಂದ ಕರೆಸಿ, ಮುಗಿದ ತಕ್ಷಣ ಬಸ್ಸು ಹತ್ತಿಸಿ ಕಳಿಸುತ್ತಾರೆ. ಮರುದಿನ ಆರಿಸುವವರು ಅಟ್ಟಣೆ ಹತ್ತಿ ಬರೀ ನೆರಳು ನೋಡಿ ಆರಿಸುತ್ತಾರೆ. ಮುಖ ಕಂಡರೆ ಮುಖದ ಹಿಂದೆ ಅಪ್ಪ ಕಾಣುತ್ತಾನೆ, ಅಪ್ಪನ ಹಿಂದೆ ಕೇರಿ ಕಾಣುತ್ತದೆ, ನೆರಳಿಗೆ ಅದೊಂದೂ ಇಲ್ಲ ಅನ್ನುವುದು ರಾಚಪ್ಪನವರು ಪ್ರತಿವರ್ಷ ಎದ್ದು ನಿಂತು ಮಾಡುವ ಭಾಷಣ. ಹಾಳಾಗಲಿ ಆ ಭಾಷಣ. ಬೂಟು ಹಾಕಿದ ಕಾಲು ಯಾವುದು, ಬರಿಗಾಲು ಯಾವುದು ಅಂತ ನೆರಳಿನಲ್ಲಿ ಕಾಣುವುದಿಲ್ಲವೇ? ನೆರಳು ಯಾರದು ಅಂತ ತಿಳಿಯಲು ತಾಳೆಗರಿಯನ್ನು ಒಂದೊಂದು ಆಕಾರಕ್ಕೆ ಕತ್ತರಿಸಿ ಒಬ್ಬೊಬ್ಬರ ತಲೆಗೆ ಕಟ್ಟುತ್ತಾರೆ. ಅದೇ ಗುರುತು; ಯಾವುದು ಯಾರದು ಅಂತ ಬೆಳಗಾಗುವಷ್ಟರಲ್ಲಿ ಊರಿಗೆಲ್ಲ ಗೊತ್ತಿರುತ್ತದೆ. ನನ್ನದು ಎರಡು ಕೊಂಬಿನ ಗುರುತು, ಮುದ್ದನದು ಗುಂಡು; ಇಬ್ಬರೂ ಒಂದೇ ಪಾಲಿನಲ್ಲಿದ್ದೆವು. ಆರಿಸಿಕೊಂಡವನಿಗೆ ತಂಡದ ಮನೆಯಲ್ಲಿ ಜಾಗ, ಹೊಟ್ಟೆ ತುಂಬ ಊಟ, ಗಿರಣಿಯಲ್ಲಿ ಕೆಲಸ. ಬಿಟ್ಟವನಿಗೆ ಇಟ್ಟಿಗೆ ಗೂಡು. ಎರಡನೇ ಸಲ ಅನ್ನುವುದಿಲ್ಲ.

ಹಿಂದಿನ ದಿನ ಮೂರನೇ ಸುತ್ತಿನಲ್ಲಿ ಮುದ್ದನೂ ನಾನೂ ಒಬ್ಬರ ಮೇಲೊಬ್ಬರು ಬಿದ್ದೆವು. ಅವನ ಕತ್ತು ಮಡಚಿತ್ತು. ಎದ್ದ, ನಕ್ಕ, ನಾಲ್ಕನೇ ಸುತ್ತನ್ನೂ ಆಡಿದ, ನಡೆದುಕೊಂಡೇ ಮನೆಗೆ ಹೋದ. ಒಂದು ಚೊಂಬು ನೀರು ಕುಡಿದು, “ಅವ್ವಾ, ತಲೆ ಧಿಮ್ ಅಂತೈತೆ” ಅಂತ ಮಲಗಿದನಂತೆ. ದೀಪ ಹಚ್ಚುವ ಹೊತ್ತಿಗೆ ಮೈ ತಣ್ಣಗಾಗಿತ್ತು. ಹೆಂಗಾಯ್ತು ಅಂತ ಯಾರೂ ನನ್ನನ್ನು ಕೇಳಲಿಲ್ಲ. ಯಾಕೆ ಕೇಳುತ್ತಾರೆ, ನಾಳೆ ಕಾಣುತ್ತದಲ್ಲ. ಅದಕ್ಕೇ ನಾನು ಬೆಳಗಿನಿಂದ ಆಕಾಶ ನೋಡುತ್ತಿದ್ದೆ. ಮೂರನೇ ಸುತ್ತು ಬರುವಷ್ಟರಲ್ಲಿ ಮೋಡ ಮುಚ್ಚಲಿ ಅಂತ ಕಂಡ ಕಂಡ ದೇವರಿಗೆಲ್ಲ ಕೈ ಮುಗಿಯುತ್ತಿದ್ದೆ. ಮುದ್ದನ ಕಾಲು ನನ್ನ ಹೆಗಲ ಮೇಲಿದ್ದಾಗ ಹೆಗಲು ಜಾರಿಸಿದವನು ನಾನು. ಅದನ್ನು ಅತ್ತೆ ನೋಡಬಾರದಾಗಿತ್ತು.

ಮೊದಲ ಎರಡು ಸುತ್ತು ನನ್ನ ನೆರಳು ನಿಜಕ್ಕೂ ಒಣಗಾಕಿದ ಅಂಗಿಯ ಹಾಗೇ ಇತ್ತು. ಕೊಂಬಿನ ನೆರಳು ಓಡಿದ ಕಡೆಗೆ ಚೆಂಡಿನ ನೆರಳು ಬರುತ್ತಿರಲಿಲ್ಲ; ಬಂದರೂ ಕೈ ಜಾರಿ ಹೋಗುತ್ತಿತ್ತು. ಗುಂಡು ಗುರುತಿನದು ಮಾತ್ರ ನೆಲಕ್ಕೆ ಅಂಟುತ್ತಲೇ ಇರಲಿಲ್ಲ. ಅಟ್ಟಣೆಯ ಮೇಲೆ ನಿಟ್ಟುಸಿರು. ಕುಂಬಾರಗುಂಡಿ ತಂಡ ಹೋದ ವರ್ಷ ಕಡೇ ಸ್ಥಾನಕ್ಕೆ ಬಿದ್ದಿದ್ದರಿಂದ ಈ ಸಲ ಮೊದಲು ಆರಿಸುವ ಹಕ್ಕು ಅದರ ಯಜಮಾನ ಲಿಂಗರಾಜನದು. “ಥೂ, ಇಂಥಾ ಹುಡ್ಗನ್ನ ದೇವ್ರು ಒಂದ್ ವಾರ ಬುಟ್ಟು ಕರ್ಕಂಡಿದ್ರೆ ಏನಾಗೋದು” ಅಂದ ಅವನು, ಪಕ್ಕದವರಿಗೆ. ಒಂದು ವಾರ ಯಾಕೆ, ಮುದ್ದ ಅವನಿಗೆ ಒಂದು ವರ್ಷದ ಆಟ ಆಡಿಕೊಟ್ಟು ಸಾಯಬೇಕಾಗಿತ್ತು. ಅತ್ತೆ ಮೈದಾನದ ನಡುವೆ ಒಬ್ಬಳೇ, ಓಡುವ ನೆರಳಿನ ಹಿಂದೆ ಓಡಲಾರದೆ, ಅದು ಹೋದ ಕಡೆಗೆಲ್ಲ ಮುಖ ತಿರುಗಿಸುತ್ತ ನಿಂತಿದ್ದಳು.

ಎರಡನೇ ಸುತ್ತು ಮುಗಿದಾಗ ನೆರಳುಗಳೆಲ್ಲ ಮೈದಾನದ ಮೂಲೆಯ ಬೇವಿನ ಮರದ ನೆರಳಿನೊಳಗೆ ಹೋಗಿ ಕರಗಿದವು. ಅಲ್ಲಿ ಏನು ನಡೆಯಿತು ಅನ್ನುವುದು ಯಾರಿಗೂ ಕಾಣಲಿಲ್ಲ. ನನಗೆ ಮಾತ್ರ ಗೊತ್ತಿತ್ತು. ಹಿಂದಿನ ದಿನ ಆ ಮರದ ಬುಡದಲ್ಲಿ ನಾನು ಮಂಡಿಗೆ ತಲೆ ಕೊಟ್ಟು ಕೂತಿದ್ದಾಗ ಮುದ್ದ ಬಂದು ಪಕ್ಕದಲ್ಲಿ ದೊಪ್ಪಂತ ಕೂತಿದ್ದ.

“ಏನ್ಲಾ ಜವರ, ಕಾಲಿಗೆ ಕಲ್ಲು ಕಟ್ಕಂಡ್ ಬಂದಿದ್ದೀಯಾ?”

“ಸುಮ್ಕಿರ್ಲಾ.”

“ತಲೆ ಬಗ್ಗಿಸು.” ಬಗ್ಗಿಸುವುದರೊಳಗೆ ನನ್ನ ಕೊಂಬು ಬಿಚ್ಚಿ ತನ್ನ ತಲೆಗೆ ಕಟ್ಟಿಕೊಂಡ. ಅವನ ಗುಂಡನ್ನು ನನ್ನ ತಲೆಗೆ ಕಟ್ಟಿದ. “ನಂದು ಎಲ್ಡು ಸುತ್ತು ಆಗೋಯ್ತು. ಅಷ್ಟು ಸಾಕು, ನನ್ನ ಹೆಂಗೂ ತಗತಾರೆ. ಇನ್ನೆಲ್ಡು ಸುತ್ತು ನಿನ್ ಗುರುತಲ್ಲಿ ಆಡ್ತೀನಿ. ಯಾರ್ ನೋಡ್ತಾರೆ? ಇಬ್ರೂ ಗೂಡು ಬುಟ್ಟು ಹೋಗ್ಬೋದು ಕಣ್ಲಾ. ಅವ್ವನ್ನೂ ಕರ್ಕಬೋದು.”

“ನಿನ್ ಭಿಕ್ಷೆ ಯಾವನಿಗ್ಲಾ ಬೇಕು?”

“ಭಿಕ್ಷೆ ಅಂತೆ ಭಿಕ್ಷೆ. ಹುಟ್ದಾಗಿಂದ ಬೆನ್ನು ಕೊಟ್ಟಿದ್ದೀಯ, ಒಂದಿನ ಹೆಸರು ತಕಳಲಾ ಬಡ್ಡಿಮಗನೆ.” ಅಂದವನೇ ನನ್ನ ಬೆನ್ನಿಗೆ ಗುದ್ದಿ ಎದ್ದ. ಶಿಳ್ಳೆ ಆಗಿತ್ತು.

ಅವನು ನಗುನಗುತ್ತ ಅಂದ ಆ ಮಾತು ನನ್ನ ಎದೆಯಲ್ಲಿ ಕೆಂಡದ ಹಾಗೆ ಕೂತಿತು. ಏನಂದುಕೊಂಡಿದ್ದಾನೆ? ನನಗೆ ಬೆನ್ನು ಬಿಟ್ಟರೆ ಬೇರೇನೂ ಇಲ್ಲ ಅಂತಲೇ? ಅದು ನಿಜ ಅನ್ನುವುದೇ ನನಗೆ ತಡೆಯಲಾಗದೆ ಹೋಯಿತು.

ಮೂರನೇ ಸುತ್ತಿಗೆ ಮರದ ನೆರಳಿನಿಂದ ಒಂದೊಂದೇ ನೆರಳು ಹೊರಗೆ ಬಂತು. ಅತ್ತೆ ಅಂಚಿನಲ್ಲಿ ಕಾಯುತ್ತಿದ್ದಳು. ಗುಂಡು ಗುರುತಿನ ನೆರಳು ಅವಳ ಪಕ್ಕದಲ್ಲೇ ಹಾದುಹೋಯಿತು. ಅವಳು ಅದನ್ನು ನೋಡಿದಳು, ಕದಲಲಿಲ್ಲ. ಹಿಂದೆ ಕೊಂಬಿನದು ಬಂತು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಹೆಜ್ಜೆ ಬಿಟ್ಟು, ಕೊಂಬಿನ ನೆರಳಿನ ಹಿಂದೆ ನಡೆದಳು.

“ಅಯ್ಯೋ ಪಾಪ, ಬುದ್ಧಿ ಸ್ತಿಮಿತದಲ್ಲಿಲ್ಲ ಕಣಮ್ಮ ಅವಳಿಗೆ” ಅಂದಳು ನನ್ನ ಹಿಂದೆ ಕೂತಿದ್ದ ಒಬ್ಬ ಹೆಂಗಸು. “ತಪ್ಪು ನೆರಳಿನ ಹಿಂದೆ ಹೋಗ್ತಾವ್ಳೆ.”

“ಯಾರಾದ್ರೂ ಹೇಳ್ರೇ. ಹೊಂಬಾಳಮ್ಮೋ! ಅದು ನಿನ್ನ ಮಗ ಅಲ್ಲ ಕಣಮ್ಮೋ! ಗುಂಡು, ಗುಂಡು!”

ಅತ್ತೆ ತಿರುಗಿ ನೋಡಲಿಲ್ಲ. ಅವಳಿಗೆ ತಾಳೆಗರಿ ಯಾತಕ್ಕೆ ಬೇಕು? ಅಂಬೆಗಾಲಿನಿಂದ ನೋಡಿದ ಮೈ ಅದು.

ಅಲ್ಲಿಂದ ಮುಂದೆ ಕೊಂಬಿನ ನೆರಳು ಆಡಿದ ಆಟವನ್ನು ಹೇಗೆ ಹೇಳಲಿ. ಚೆಂಡು ಅದರ ಕೈಗೆ ಹುಡುಕಿಕೊಂಡು ಬಂತು. ಮೂರು ಜನರ ನಡುವಿಂದ ನುಸುಳಿ, ಎಡಗಾಲಲ್ಲಿ ಒದ್ದು ಕಂಬಗಳ ನಡುವೆ ಹಾಕಿತು. “ಒಣಗಾಕಿದ್ದ ಅಂಗಿಗೆ ಜೀವ ಬಂತಲ್ರಯ್ಯಾ!” ಅಂದರು ರಾಚಪ್ಪನವರು. ಜನ ನನ್ನ ಕಡೆ ತಿರುಗಿ ಶಿಳ್ಳೆ ಹೊಡೆದರು. ಯಾರೋ ನನ್ನ ಬೆನ್ನು ತಟ್ಟಿದರು. ಸಾಲಿನಲ್ಲಿ ನಿಂತ ಹುಡುಗರು ತಟ್ಟಲಿಲ್ಲ. ಆಡಿದವರಿಗೆ ಯಾರು ಎಲ್ಲಿದ್ದರು ಅನ್ನುವುದು ಗೊತ್ತಿತ್ತು. ಅವರು ನೆಲ ನೋಡುತ್ತಿದ್ದರು, ಬಾಯಿ ಬಿಡುವ ಹಾಗಿರಲಿಲ್ಲ.

ಆಗ ಮೋಡ ಬಂತು. ಬ್ರಹ್ಮಾಂಡ ಮೋಡವಲ್ಲ, ಕಂಬಳಿಯಷ್ಟಗಲದ್ದು. ಮೈದಾನ ಬೂದಿ ಬಣ್ಣಕ್ಕೆ ತಿರುಗಿ ನೆರಳುಗಳೆಲ್ಲ ಅಳಿಸಿಹೋದವು. ಜನ “ಅಯ್ಯಯ್ಯೋ” ಅಂದರು. ನಾನು ಮತ್ತೆ ಕೈ ಮುಗಿದೆ. ಇರಲಿ, ಇನ್ನು ಸ್ವಲ್ಪ ಹೊತ್ತು ಇರಲಿ, ಆ ಒಂದು ಗಳಿಗೆ ದಾಟಿಹೋಗಲಿ. ಅತ್ತೆ ಖಾಲಿ ನೆಲದ ಮೇಲೆ ನಿಂತು, ಮಗನ ಮೇಲೆ ಕಾಲಿಟ್ಟೇನೋ ಅಂತ, ಕಾಲು ಅಲುಗಿಸದೆ ಇದ್ದಳು. ಅವಳನ್ನು ನೋಡಿದರೆ ಮೋಡ ಸರಿಯಲಿ ಅನ್ನಿಸುತ್ತಿತ್ತು. ನನ್ನನ್ನು ನೆನೆದರೆ ಬೇಡ ಅನ್ನಿಸುತ್ತಿತ್ತು.

ಸರಿಯಿತು. ಬಿಸಿಲು ಬಿದ್ದಾಗ ಚೆಂಡಿನ ನೆರಳು ಆಗಲೇ ಮೈದಾನದ ಮೇಲೆ ತೇಲಿ ಬರುತ್ತಿತ್ತು. ಕೆಳಗೆ ಗುಂಡು ಗುರುತಿನ ನೆರಳು ನಿಂತಿತ್ತು. ಹಿಂದಿನಿಂದ ಕೊಂಬಿನ ನೆರಳು ಓಡಿ ಬಂದು ಅದರ ಬೆನ್ನು ಹತ್ತಿತು. ಇಳಿಬಿಸಿಲಿಗೆ ಎರಡೂ ಸೇರಿ ಒಂದೇ ಉದ್ದದ ನೆರಳಾಗಿ, ಮೈದಾನದ ಆ ಅಂಚಿನ ತನಕ ಬೆಳೆದು ನಿಂತಿತು. ಅದರ ತುದಿಯಲ್ಲಿ ಎರಡು ಕೊಂಬು, ಎರಡು ಕೈ, ಕೈಗಳ ನಡುವೆ ಚೆಂಡು. ಊರು ಎದ್ದು ನಿಂತಿತು. ಅಷ್ಟೆತ್ತರ ಹಾರಿದ್ದನ್ನು ನಮ್ಮೂರಲ್ಲಿ ಯಾರೂ ನೋಡಿರಲಿಲ್ಲ.

ಹಿಂದಿನ ದಿನ ಆ ಗಳಿಗೆಯಲ್ಲಿ ಅವನ ಬಲಗಾಲು ನನ್ನ ಸೊಂಟದ ಮೇಲೆ ಬಂತು, ಎಡಗಾಲು ಹೆಗಲ ಮೇಲೆ. ಹಿತ್ತಲಲ್ಲಿ ಸಾವಿರ ಸಲ ಹೊತ್ತ ಭಾರ. ಒಂದು ದಿನವೂ ಅದು ಭಾರ ಅನ್ನಿಸಿರಲಿಲ್ಲ. ಅವತ್ತು ಅನ್ನಿಸಿತು. ನನ್ನ ಹೆಸರು ಕಟ್ಟಿಕೊಂಡು ನನ್ನನ್ನೇ ಮೆಟ್ಟುತ್ತಾನೆ ಅನ್ನಿಸಿತು. ಹೆಗಲು ಒಂದಿಂಚು ಇಳಿಸಿದೆ. ಒಂದೇ ಇಂಚು. ಆ ಒಂದಿಂಚು ಈಗ ನೆರಳಿನಲ್ಲಿ ಒಂದು ಮೊಳವಾಗಿ ಕಂಡಿತು. ಗುಂಡು ಗುರುತಿನ ಹೆಗಲು ಸರಕ್ಕನೆ ಜಾರಿತು, ಉದ್ದದ ನೆರಳು ನಡುವೆ ಮುರಿಯಿತು, ಎರಡೂ ಒಂದರ ಮೇಲೊಂದು ಬಿದ್ದವು. ಚೆಂಡು ಮಾತ್ರ ಕೊಂಬಿನವನ ಎದೆಯಲ್ಲೇ ಇತ್ತು. ಬಿಟ್ಟಿರಲಿಲ್ಲ.

ಅತ್ತೆ ಅಲ್ಲಿಗೆ ತಲುಪುವಷ್ಟರಲ್ಲಿ ಗುಂಡಿನದು ಎದ್ದು ದೂರ ಸರಿದಿತ್ತು. ಕೊಂಬಿನದು ಇನ್ನೂ ಬಿದ್ದಿತ್ತು. ಅವಳು ಪಕ್ಕದಲ್ಲಿ ಕೂತಳು. ನೆಲದ ಮೇಲೆ ಅಂಗೈ ಊರಿದಳು. ಮಗನ ಕತ್ತಿನ ನೆರಳು ಅವಳ ಮುಂಗೈ ಮೇಲೆ ಬಿತ್ತು. ಹಾಗೇ ಇಟ್ಟುಕೊಂಡು ಕೂತಿದ್ದಳು. ಆಮೇಲೆ ಆ ನೆರಳು ಅವಳ ಕೈಯಿಂದ ಎದ್ದು ಆಟಕ್ಕೆ ಹೋಯಿತು. ಅವಳೂ ಎದ್ದಳು. ಎದ್ದು, ಮೊದಲ ಸಲ, ಹಗ್ಗದ ಈಚೆ ನಿಂತ ನನ್ನನ್ನು ನೋಡಿದಳು.

“ಕಂಡ್ರಾ ಆ ಗುಂಡಿನೋನ್ನ?” ರಾಚಪ್ಪನವರ ದನಿ ಇಡೀ ಮೈದಾನಕ್ಕೆ ಕೇಳುತ್ತಿತ್ತು. “ಬೇಕು ಅಂತ ಹೆಗಲು ಜಾರಿಸ್ದ. ಜಾರಿಸಿ ತಾನೇ ಅಡೀಗೆ ಸಿಕ್ಕಂಡ. ಸತ್ತೋನ ವಿಷ್ಯ ಆಡಬಾರ್ದು. ಆದ್ರೂ ಹೊಟ್ಟೆಕಿಚ್ಚು ಕಣ್ರಯ್ಯಾ. ಅಣ್ಣತಮ್ಮನ ಹಂಗೆ ಬೆಳೆದೋನು ಮೇಲಕ್ಕೆ ಹೋಗೋದ ತಡೀನಾರ್ದೆ ಹೋದ.”

ಯಾರೋ ಒಬ್ಬ ಮುದುಕ ಥೂ ಅಂದ. ನನ್ನ ಮುದ್ದನಿಗೆ ಅಂದ.

ನಾಲ್ಕನೇ ಸುತ್ತು ನಾನು ನೋಡಲಿಲ್ಲ. ಮುಗಿದಾಗ ನೆರಳುಗಳು ಮತ್ತೆ ಬೇವಿನ ಕೆಳಗೆ ಹೋದವು, ಅತ್ತೆ ಮತ್ತೆ ಅದರ ಅಂಚಿನಲ್ಲಿ ನಿಂತಳು. ಲಿಂಗರಾಜ ಅಟ್ಟಣೆಯ ಮೇಲೆ ಎದ್ದ. “ಕುಂಬಾರಗುಂಡಿಗೆ ಕೊಂಬಿನ ಗುರುತು” ಅಂದ.

“ಜವರ, ಮುಂದಕ್ಕೆ ಬಾ” ಅಂದರು ರಾಚಪ್ಪನವರು. ಹಗ್ಗ ದಾಟಿ ಹೋದೆ. ಅವರ ಮುಖದಲ್ಲಿ ಮಧ್ಯಾಹ್ನದ ನಗೆಯ ಗುರುತೇ ಇರಲಿಲ್ಲ; ಮನೆಯ ಮಗನನ್ನು ನೋಡುವ ಹಾಗೆ ನೋಡಿದರು. “ಮಧ್ಯಾಹ್ನ ಅಂದಿದ್ದು ಮನಸ್ಸಿಗೆ ಹಚ್ಕಬ್ಯಾಡ. ಈಗ ಹೇಳಪ್ಪಾ, ಆ ನೆರಳು ನಿಂದಾ?”

ಆರಿಸಿಕೊಂಡ ಪ್ರತಿಯೊಬ್ಬನನ್ನೂ ಹೀಗೆ ಕೇಳುತ್ತಾರೆ. ಅವನು ‘ನಂದೇ’ ಅನ್ನಬೇಕು. ಒಂದೇ ಮಾತು. ಅಂದರೆ ಹೆಸರು ಕೂಗುತ್ತಾರೆ, ತಮಟೆ ಬಡಿಯುತ್ತಾರೆ, ಅವತ್ತೇ ಕರೆದುಕೊಂಡು ಹೋಗುತ್ತಾರೆ. ಅಲ್ಲ ಅಂದರೆ, ಮತ್ತೆ ಯಾವುದು ನಿಂದು ಅಂತ ಕೇಳುತ್ತಾರೆ. ಗುಂಡಿನದು ಅನ್ನಬೇಕು. ಇಡೀ ಊರಿನ ಮುಂದೆ, ಅವಳ ಮುಂದೆ.

“ಅವಂದೇ, ಬುದ್ಧಿ.”

ಅತ್ತೆ. ಮರದ ಹತ್ತಿರದಿಂದಲೇ ಅಂದಳು, ದನಿ ಏರಿಸದೆ. “ಹಾರಿದ್ದು ಜವರನೇ. ಹೆತ್ತೋಳಿಗೆ ಗೊತ್ತಾಗಲ್ವಾ? ಹೆಗಲು ಜಾರಿಸಿದ್ದು ನನ್ನ ಮಗ. ಮುದ್ದಂಗೆ ಮೊದ್ಲಿಂದ್ಲೂ... ಹೊಟ್ಟೆಕಿಚ್ಚು.” ಆ ಕೊನೆಯ ಮಾತು ಹೇಳಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬೆಳಗಿನಿಂದ ಒಂದು ತೊಟ್ಟು ಕಣ್ಣೀರು ಹಾಕದವಳು ಅವಳು. “ಅನ್ನು ಜವರಾ. ನಂದೇ ಅನ್ನಪ್ಪ. ಮನೇಲಿ ಒಬ್ಬನಾದ್ರೂ...”

ಅವಳು ನನಗೆ ಕೊಟ್ಟದ್ದು ಅನ್ನವೋ ವಿಷವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವಳು ನೋಡಿದ್ದಳು, ಎಲ್ಲವನ್ನೂ ನೋಡಿದ್ದಳು. ನೋಡಿಯೂ, ಸತ್ತ ಮಗನ ಬಾಯಿಗೆ ನನ್ನ ಎಂಜಲು ಒರೆಸಿ, ನನ್ನನ್ನು ಮೇಲಕ್ಕೆ ಎತ್ತುತ್ತಿದ್ದಳು.

ಆಗ ಮರದ ನೆರಳಿನಿಂದ ಮೊದಲ ನೆರಳು ಹೊರಗೆ ಬಂತು. ಬರಿತಲೆ, ಗುರುತು ಬಿಚ್ಚಿ ಕೊಟ್ಟಾಗಿತ್ತು. ಅದು ನನ್ನದು. ಕೆರೆಯ ದಾರಿ ಹಿಡಿದು ದುಡುದುಡು ನಡೆದುಹೋಯಿತು. ಹಿಂದಿನ ದಿನ ನಾನು ಮುದ್ದನ ಮುಖ ಕೂಡ ನೋಡದೆ ಎದ್ದು ಹೋಗಿದ್ದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು, ಮೆಲ್ಲಗೆ, ಕತ್ತು ಒಂದು ಕಡೆಗೆ ವಾಲಿಸಿಕೊಂಡು. ನಾಲ್ಕು ಹೆಜ್ಜೆ ಇಟ್ಟು ನಿಂತಿತು. ನನ್ನ ನೆರಳು ಹೋದ ದಿಕ್ಕಿಗೆ ತಿರುಗಿ ಕೈ ಎತ್ತಿತು. ಬಾರೋ ಅನ್ನುವ ಹಾಗೆ ಆಡಿಸಿತು. ನಾನು ಹಿಂತಿರುಗಿ ನೋಡಿರಲಿಲ್ಲ. ಅವನು ಕೈ ಎತ್ತಿದ್ದು ನನಗೆ ಕಂಡದ್ದು ಅವತ್ತೇ. ಸಂಜೆಯ ಬಿಸಿಲಿಗೆ ಆ ಕೈ ಉದ್ದವಾಗಿ, ಅಟ್ಟಣೆಯ ಮುಂದೆ ನಿಂತಿದ್ದ ನನ್ನ ಪಾದದ ಹತ್ತಿರದ ತನಕ ಬಂತು.

“ಯಾರನ್ನ ಕರೀತಾವ್ನೆ ಇವ್ನು?” ಅಂದಳು ಅತ್ತೆ. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಮಗ ಏನೋ ಕೇಳುತ್ತಿದ್ದಾನೆ, ತನಗೆ ಅರ್ಥವಾಗುತ್ತಿಲ್ಲ ಅನ್ನುವ ಹಾಗೆ ಕೇಳಿದಳು. “ಜವರಾ, ಯಾರನ್ನಲಾ ಕರೀತಾವ್ನೆ?”

“ಏನಯ್ಯಾ, ಬಾಯಿ ಬುಡು” ಅಂದರು ರಾಚಪ್ಪನವರು. “ನಿಂದು ಹೌದೋ ಅಲ್ವೋ? ಜನ ಕಾಯ್ತಾವ್ರೆ.”

ತಮಟೆಯವನು ಕೋಲು ಎತ್ತಿ ಹಿಡಿದಿದ್ದ. ನಾನು ಆ ಬೆರಳುಗಳನ್ನು ತುಳಿಯದ ಹಾಗೆ ಕಾಲು ಎತ್ತಿ ಹಿಂದಕ್ಕಿಟ್ಟೆ. ತಿರುಗಿದೆ. ಹುಡುಗರು ದಾರಿ ಬಿಟ್ಟರು. ಹಗ್ಗ ದಾಟಿ, ಮನೆಯ ಕಡೆಗೂ ಅಲ್ಲ, ಕೆರೆಯ ಕಡೆಗೂ ಅಲ್ಲ, ಕಾಲು ಹೋದ ಕಡೆಗೆ ನಡೆದೆ. ಹಿಂದೆ ಅತ್ತೆ ಇನ್ನೊಂದು ಸಲ ನನ್ನ ಹೆಸರು ಕೂಗಿದಳು.